ಧೂಮಮೀಮಾಂಸೆ: ಡೋಟಾ ರಣರಂಗದಲ್ಲಿ ಕಾಣದಂತಾಗುವ ಬಗೆ

ಅದೃಶ್ಯನಾಗಬಯಸುವವನು ಮೂರು ರಾತ್ರಿ ಉಪವಾಸವಿರಬೇಕು. ಆಮೇಲೆ ಪುಷ್ಯ ನಕ್ಷತ್ರದ ದಿನ, ಆಯುಧದಿಂದ ಸತ್ತವನ ಅಥವಾ ಶೂಲಕ್ಕೇರಿದವನ ತಲೆಬುರುಡೆ ತಂದು, ಅದರಲ್ಲಿ ಮಣ್ಣು ತುಂಬಿ, ಜವೆ ಬಿತ್ತಿ, ಆಡುಕುರಿಗಳ ಹಾಲೆರೆದು, ಬಂದ ಮೊಳಕೆಯನ್ನು ಮಾಲೆಯಾಗಿ ಧರಿಸಬೇಕು. ಇದು ಕೌಟಿಲ್ಯನ ಅರ್ಥಶಾಸ್ತ್ರದ 14ನೆಯ ಅಧಿಕರಣ ಹೇಳುವ ವಿಧಿಗಳಲ್ಲೊಂದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆ ಗ್ರಂಥದ ತಾಳೆಗರಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಯಿತು. ವಿದ್ವತ್ ಲೋಕ ಅದರ ತೆರಿಗೆ, ಗೂಢಚಾರಿಕೆ, ಮಂಡಲ ಸಿದ್ಧಾಂತಗಳ ಮೇಲೆ ಮುಗಿಬಿತ್ತೇ ಹೊರತು ಬುರುಡೆಯ ಜವೆಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ.

ಈ ಕೊರತೆ ನೀಗಿದ್ದು ಅಮೆರಿಕದ ವಾಲ್ವ್ ಕಂಪನಿ. ಅದು 2013ರಲ್ಲಿ ಬಿಡುಗಡೆ ಮಾಡಿದ 'ಡೋಟಾ 2' ಎಂಬ ಕಂಪ್ಯೂಟರ್ ಆಟದಲ್ಲಿ ಬುರುಡೆ ಬೇಡ, ನಕ್ಷತ್ರ ಬೇಡ. 50 ಚಿನ್ನ ಕೊಟ್ಟರೆ ಅಂಗಡಿಯಲ್ಲಿ 'ಸ್ಮೋಕ್ ಆಫ್ ಡಿಸೀಟ್' ಎಂಬ ಮಾಯಾಧೂಮ ಸಿಗುತ್ತದೆ. ಉಪವಾಸವೊಂದು ಮಾತ್ರ ಹಾಗೆಯೇ ಉಳಿದಿದೆ. ಪಂದ್ಯ ನಡೆಯುತ್ತಿರುವಾಗ ಅಮ್ಮ ಎಷ್ಟು ಕೂಗಿದರೂ ಯಾರೂ ಊಟಕ್ಕೆ ಏಳುವುದಿಲ್ಲ.

ಈಗ ಲಕ್ಷಣ. ಐವರಿಗೆ ಐವರು ಎದುರಾಗಿ, 'ಲೇನ್' ಎಂಬ ಮೂರು ದಾರಿಗಳ ಉದ್ದಕ್ಕೂ ಹೊಡೆದಾಡಿ, ಎದುರಾಳಿಯ 'ಏನ್ಷಿಯಂಟ್' ಎಂಬ ಮೂಲಸ್ಥಾನವನ್ನು ಕೆಡವುವುದು ಈ ಆಟ. ಹೊಗೆ ಹಾಕಿದವನೂ ಅವನ ಅಕ್ಕಪಕ್ಕದ ಸ್ವಪಕ್ಷೀಯರೂ ಅರ್ಧ ನಿಮಿಷಕ್ಕೆ ತುಸು ಮಿಕ್ಕಿ ಕಾಣದಂತಾಗುತ್ತಾರೆ, ನಡಿಗೆಯ ವೇಗ ಶೇ. 15ರಷ್ಟು ಏರುತ್ತದೆ. ಶತ್ರುವೀರನೋ ಶತ್ರುಗೋಪುರವೋ ಆಟದ ಲೆಕ್ಕದಲ್ಲಿ 1025ರ ಅಳತೆಯೊಳಗೆ ಬಂದರೆ ಹೊಗೆ ಹರಿಯುತ್ತದೆ. ವಾಲ್ವ್ ಕಂಪನಿಯು 'ಪ್ಯಾಚ್' ಎಂಬ ಹೆಸರಿನಲ್ಲಿ ತನ್ನ ಸ್ಮೃತಿಯನ್ನು ತಾನೇ ಮೇಲಿಂದ ಮೇಲೆ ತಿದ್ದುವುದರಿಂದ ಈ ಅಂಕಿಗಳನ್ನು ಯಾರೂ ಶ್ರುತಿಯೆಂದು ಭಾವಿಸತಕ್ಕದ್ದಲ್ಲ.

ಇಲ್ಲಿಂದ ಮುಂದೆ ತರ್ಕ. ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ಮೊದಲ ಪಾಠವೇ ಬೆಟ್ಟದ ಮೇಲಿನ ಹೊಗೆ. ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ. ಡೋಟಾದಲ್ಲಿ ಈ ಅನುಮಾನ ತಲೆಕೆಳಗಾಗಿ ನಿಲ್ಲುತ್ತದೆ: ಏನೂ ಕಾಣುತ್ತಿಲ್ಲ, ಆದ್ದರಿಂದ ಅಲ್ಲಿ ಹೊಗೆಯಿದೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನೇ, ಒಂದು ಸ್ವತಂತ್ರ ಪ್ರಮಾಣವೆಂದು ಒಪ್ಪಿದವರು. ನೆಲದ ಮೇಲೆ ಮಡಕೆ ಇಲ್ಲವೆಂಬ ಜ್ಞಾನ ಮಡಕೆ ಕಾಣದಿರುವುದರಿಂದಲೇ ಬರುತ್ತದೆ ಎಂಬುದು ಅವರ ಪಕ್ಷ. ಅದಕ್ಕೆ ಬೇರೆ ಪ್ರಮಾಣವೇಕೆ, ಪ್ರತ್ಯಕ್ಷವೇ ಸಾಕು ಎಂದವರು ನೈಯಾಯಿಕರು. ಶತಮಾನಗಳ ಈ ವ್ಯಾಜ್ಯವನ್ನು ನಡುದಾರಿಯಾದ ಮಿಡ್ ಲೇನಿನಲ್ಲಿ ಆಡುವ ಹುಡುಗನೊಬ್ಬ ಪರದೆಯ ಮೂಲೆಯ ಭೂಪಟಕ್ಕೆ ಕಣ್ಣು ಹಾಯಿಸಿ ಒಂದೇ ಉಸಿರಿಗೆ ಇತ್ಯರ್ಥ ಮಾಡುತ್ತಾನೆ: "ಐದೂ ಮಿಸ್ಸು, ಹಿಂದೆ ಬನ್ರೋ!"

ಇದರಿಂದ ಸಿದ್ಧವಾಗುವುದೇನೆಂದರೆ, ಐವರೂ ಒಟ್ಟಿಗೆ ಮಾಯವಾಗುವುದು ಡಂಗುರ ಹೊಡೆಸಿದಷ್ಟೇ ಸ್ಪಷ್ಟವಾದ ಪ್ರಕಟಣೆ. ನಾಲ್ವರು ಕಾಣದಂತಾಗಬೇಕಾದರೆ ಒಬ್ಬ ಢಾಳಾಗಿ ಕಾಣುತ್ತಿರಬೇಕು. ಅವನು ದೂರದ ಲೇನಿನಲ್ಲಿ, ಜಗತ್ತಿನ ಪರಿವೆಯೇ ಇಲ್ಲದವನ ಹಾಗೆ, 'ಕ್ರೀಪು' ಎಂಬ ಕಾಲಾಳುಗಳನ್ನು ಕಡಿಯುತ್ತ ನಿಂತಿರಬೇಕು. ಅವನನ್ನು ಕೊಲ್ಲುವ ಆಸೆಗೆ ಶತ್ರು ಎರಡು ಹೆಜ್ಜೆ ಮುಂದೆ ಬಂದರೆ ಅರ್ಧ ಕೆಲಸ ಮುಗಿದಂತೆ. ಹಾಗೆಯೇ ಶತ್ರು ನೆಟ್ಟ 'ವಾರ್ಡ್' ಎಂಬ ಕಾವಲುಗಂಬ ಕಣ್ಣಿಟ್ಟಿರುವ ಜಾಗದಲ್ಲಿ ನಿಂತು ಹೊಗೆ ಹಾಕುವುದು ಶಾಸ್ತ್ರನಿಷಿದ್ಧ. ಇದ್ದಕ್ಕಿದ್ದ ಹಾಗೆ ಮಾಯವಾದದ್ದನ್ನು ಅವರು ಕಣ್ಣಾರೆ ಕಂಡ ಮೇಲೆ ಮಾಯೆಯ ಮರ್ಯಾದೆ ಏನು ಉಳಿಯಿತು?

ಕಾಲನಿರ್ಣಯದಲ್ಲಿ ನಮ್ಮ ಮತ ಖಚಿತವಾಗಿದೆ: ಹೊಗೆಗೆ ರಾತ್ರಿಯೇ ಪ್ರಶಸ್ತ. ಆಟದಲ್ಲಿ ಐದು ನಿಮಿಷ ಹಗಲು, ಐದು ನಿಮಿಷ ಇರುಳು. ಹಗಲಿನಲ್ಲಿ ಬಹುಪಾಲು ವೀರರ ದೃಷ್ಟಿ 1800ರವರೆಗೆ ಹರಿದರೆ ಇರುಳಿನಲ್ಲಿ 800ಕ್ಕೆ ಇಳಿಯುತ್ತದೆ. ಹೊಗೆ ಹರಿಯುವುದು 1025ರಲ್ಲಿ. ಅಂದರೆ ಇರುಳಿನಲ್ಲಿ ಹೊಗೆ ಹರಿದ ಮೇಲೂ ಶತ್ರುವಿನ ಕಣ್ಣಿಗೆ ನೀವು ಬಿದ್ದಿರುವುದಿಲ್ಲ. ಆದರೆ ಅವನು ಹತ್ತಿರದಲ್ಲೇ ಎಲ್ಲೋ ಇದ್ದಾನೆಂದು ನಿಮಗೆ ತಿಳಿದಿರುತ್ತದೆ. ಪಂಚಾಂಗ ನೋಡಿ ಹೊರಡುವವರನ್ನು ಗೇಲಿ ಮಾಡುವ ತರುಣರು ಈ ಲೆಕ್ಕವನ್ನು ಮಾತ್ರ ಭಕ್ತಿಯಿಂದ ಪಾಲಿಸುತ್ತಾರೆ.

ಹೊಗೆಯ ಗೋಷ್ಠಿ ಬೇಡ, ಒಬ್ಬನೇ ಮಾಯವಾಗುತ್ತೇನೆ ಎನ್ನುವ ಸ್ವಾರ್ಥಿಗಳಿಗೆ 'ಶ್ಯಾಡೋ ಬ್ಲೇಡ್' ಎಂಬ ಖಡ್ಗವಿದೆ. ಹಳೆಯ ಡೋಟಾದಲ್ಲಿ ಇದರ ಹೆಸರು 'ಲೋಥಾರ್ಸ್ ಎಡ್ಜ್'. ಬೆಲೆ ಮೂರು ಸಾವಿರದ ಆಸುಪಾಸು. ಇದನ್ನು ಕೊಂಡವನು ತಾನು ಕಾಣುವುದಿಲ್ಲವೆಂದು ಬೀಗುತ್ತಾನೆ, ಆದರೆ ಖಡ್ಗ ಕಾಣುತ್ತದೆ. ಎದುರಾಳಿ ಅವನ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಜೋಳಿಗೆಯಲ್ಲಿರುವುದೆಲ್ಲ ಬಯಲು. ಕೂಡಲೇ ಅವರು 80 ಚಿನ್ನಕ್ಕೆ, ಮಾಯವಾದವರನ್ನು ಕಾಣಿಸುವ 'ಡಸ್ಟ್' ಪುಡಿ ತರಿಸುತ್ತಾರೆ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ.

ಈ ಪುಡಿಗೆ ಪುರಾಣಪ್ರಮಾಣವೂ ಉಂಟು. ಮಹಾಭಾರತದ ವನಪರ್ವದಲ್ಲಿ ಬರುವ ರಾಮೋಪಾಖ್ಯಾನದಲ್ಲಿ, ಇಂದ್ರಜಿತು ಕಾಣದೆ ನಿಂತು ಬಾಣ ಸುರಿಸಿದಾಗ, ಕುಬೇರನು ಗುಹ್ಯಕನೊಬ್ಬನ ಕೈಯಲ್ಲಿ ನೀರು ಕಳಿಸುತ್ತಾನೆ. ಅದರಿಂದ ಕಣ್ಣು ತೊಳೆದವರಿಗೆ ಅದೃಶ್ಯ ಜೀವಿಗಳು ಕಾಣತೊಡಗುತ್ತವೆ. ಗುಹ್ಯಕನನ್ನು ಡೋಟಾದಲ್ಲಿ ಕೊರಿಯರ್ ಎನ್ನುತ್ತಾರೆ. ಕುಬೇರ ಆ ನೀರಿಗೆ ದುಡ್ಡು ಕೇಳಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಒಂದು ಪೂರ್ವಪಕ್ಷ: 900 ಚಿನ್ನದ 'ಜೆಮ್' ಮಣಿ ಕೊಂಡರೆ ಖಡ್ಗಧಾರಿ ಸದಾ ಕಾಣುವನಲ್ಲ, ಪುಡಿ ಏಕೆ? ಉತ್ತರ: ಮಣಿ ಹೊತ್ತವನು ಸತ್ತರೆ ಮಣಿ ನೆಲಕ್ಕೆ ಬೀಳುತ್ತದೆ, ಖಡ್ಗಧಾರಿಯೇ ಎತ್ತಿಕೊಂಡು ಹೋಗುತ್ತಾನೆ. ಇನ್ನು ಹೊಗೆಯಲ್ಲಿ ನಡೆಯುವವರನ್ನು ಪುಡಿಯೂ ಕಾಣಿಸದು, ಮಣಿಯೂ ಕಾಣಿಸದು, ಸೆಂಟ್ರಿ ವಾರ್ಡೂ ಕಾಣಿಸದು. ಆದ್ದರಿಂದಲೇ 50 ಚಿನ್ನದ ಹೊಗೆ ಮೂರು ಸಾವಿರದ ಖಡ್ಗಕ್ಕಿಂತ ಶ್ರೇಷ್ಠವೆಂಬುದು ಸಿದ್ಧಾಂತ.

ಇಷ್ಟು ಶ್ರೇಷ್ಠವಾದ ವಸ್ತುವಿನ ಬಗ್ಗೆ ಆಟಗಾರರ ನಡವಳಿಕೆಯನ್ನು ನಾವು ಹೀಗೆ ಸೂತ್ರೀಕರಿಸಿದ್ದೇವೆ: 'ಸರ್ವೇ ಧೂಮಂ ವಾಂಛಂತಿ, ನ ಕಶ್ಚಿತ್ ಕ್ರೀಣಾತಿ.' ಎಲ್ಲರಿಗೂ ಹೊಗೆ ಬೇಕು, ಯಾರೂ ಕೊಳ್ಳುವುದಿಲ್ಲ. ಭಾಷ್ಯ: ಇಲ್ಲಿ 'ಯಾರೂ' ಎಂದರೆ ನಾಲ್ವರು. ಐದನೆಯವನೊಬ್ಬನಿದ್ದಾನೆ, ಅವನಿಗೆ ಸಪೋರ್ಟ್ ಎಂದು ಹೆಸರು. ವಾರ್ಡು, ಪುಡಿ, ಹೊಗೆ ಎಲ್ಲವೂ ಅವನ ಜೇಬಿನಿಂದಲೇ ಬರಬೇಕು. ಪಂದ್ಯ ಮುಗಿಯುವ ಹೊತ್ತಿಗೆ ಅವನ ಕಾಲಲ್ಲಿ ಒಂದು ಒಳ್ಳೆಯ ಬೂಟೂ ಇರುವುದಿಲ್ಲ. ಅವನು ಹೊಗೆ ಹಾಕುವ ವಿಧಿ ಇಂತಿದೆ:

"ಮಗಾ, ಸ್ಮೋಕ್ ಇದ್ಯಾ?"

"ಇದೆ, ಎಲ್ರೂ ಬನ್ನಿ ಮೊದ್ಲು."

"ಹಾಕು ಹಾಕು, ಬಂದೆ."

ಅವನು ಹಾಕುತ್ತಾನೆ. ಆಗ 'ಕ್ಯಾರಿ', ಅಂದರೆ ಕೊನೆಗೆ ತಂಡವನ್ನು ಹೊತ್ತು ಗೆಲ್ಲಿಸಬೇಕಾದವನ ಸ್ಥಾನದಲ್ಲಿ ಆಡುವ ಮಹಾಶಯ, "ಒಂದ್ನಿಮ್ಷ ಗುರು, ಈ ಕ್ಯಾಂಪ್ ಮುಗಿಸಿ ಬರ್ತೀನಿ" ಅನ್ನುತ್ತಾನೆ. ಕ್ಯಾಂಪ್ ಎಂದರೆ ಚಿನ್ನಕ್ಕಾಗಿ ಕೊಲ್ಲುವ ಕಾಡುಪ್ರಾಣಿಗಳ ಬೀಡು. ಹೊಗೆಯ ಆಯುಷ್ಯವೇ ಒಂದು ನಿಮಿಷವಿಲ್ಲ. ಮಿಡ್‌ನವನು ಬೇರೆ ದಾರಿಯಲ್ಲಿ ಹೊರಟು ಶತ್ರುಗೋಪುರಕ್ಕೆ ಸವರಿಕೊಂಡೇ ಹೋಗಿ ತನ್ನ ಹೊಗೆ ಕಳೆದುಕೊಳ್ಳುತ್ತಾನೆ. ಉಳಿದಿಬ್ಬರ ಜೊತೆ ಸಪೋರ್ಟ್ ಶತ್ರುವಿನ ಕಾಡಿಗೆ ನುಗ್ಗಿದರೆ ಅಲ್ಲಿ ಐವರು ಕಾದಿರುತ್ತಾರೆ. ಮೂವರೂ ಹೊಗೆ ಹಾಕಿಸಿಕೊಂಡ ಮೇಲೆ ಕ್ಯಾಂಪ್ ಮುಗಿಸಿದ ಮಹಾಶಯ ಕೇಳುತ್ತಾನೆ, "ಯಾವನೋ ಅವ್ನು ಸ್ಮೋಕ್ ಹಾಕಿದ್ದು?"

ರಿಕಿ ಎಂಬ ವೀರನಿಗೆ ಅದೃಶ್ಯತೆ ಸಹಜಸಿದ್ಧಿಯೆಂದು ಆಟದ ಕಥೆ ಹೇಳುತ್ತದೆ. ನಾವು ಒಪ್ಪುವುದಿಲ್ಲ. ಪುಡಿ ಎರಚಿದರೆ ರಿಕಿಯೂ ಕಾಣುತ್ತಾನೆ. ಗೆದ್ದ ಪಂದ್ಯದ ಕೊನೆಯಲ್ಲಿ ಸಪೋರ್ಟ್ ಯಾವ ಪುಡಿಗೂ ಕಾಣುವುದಿಲ್ಲ, ಸೋತ ಪಂದ್ಯದ ಕೊನೆಯಲ್ಲಿ ಪುಡಿಯ ಅಗತ್ಯವೇ ಇಲ್ಲದೆ ಎಲ್ಲರಿಗೂ ಕಾಣುತ್ತಾನೆ.

ಆದುದರಿಂದ ಕ್ಯಾರಿ ಆಡುವ ವಾಚಕ ಮಹಾಶಯರಲ್ಲಿ ವಿನಂತಿ: ಮುಂದಿನ ಪಂದ್ಯದಲ್ಲಿ ಹೊಗೆಯ ಒಂದು ಪೊಟ್ಟಣ ನೀವೇ ಕೊಳ್ಳಿ, ಸಪೋರ್ಟ್ ಕರೆದಾಗ ಕ್ಯಾಂಪ್ ಬಿಟ್ಟು ಬನ್ನಿ. ಕಾಡುಪ್ರಾಣಿಗಳು ಎಲ್ಲಿಗೂ ಹೋಗುವುದಿಲ್ಲ.