ಪಾಸು ವಸೂಲಿ ಪ್ರವಾಸ

ಯುರೋಪಿಗೆ ಹೊರಡುವವರಿಗೆ ಪಾಸ್‌ಪೋರ್ಟು ಬೇಕು, ವೀಸಾ ಬೇಕು, ಇವೆರಡಕ್ಕಿಂತ ಮುಖ್ಯವಾಗಿ ಒಂದು ಎಕ್ಸೆಲ್ ಶೀಟು ಬೇಕು. ಅದರ ಒಂದು ಕಾಲಂನಲ್ಲಿ ಯುರೇಲ್ ಎಂಬ ರೈಲು ಪಾಸು, ಪಕ್ಕದ ಕಾಲಂನಲ್ಲಿ ಬಿಡಿ ಟಿಕೆಟು. ಶೀಟು ತೆರೆದ ಕ್ಷಣಕ್ಕೆ ಮನೆಯಲ್ಲಿ ಎರಡು ಪಕ್ಷ. ‘ಪಾಸಿದ್ದರೆ ಯಾವಾಗ ಬೇಕಾದರೂ, ಎಲ್ಲಿಗೆ ಬೇಕಾದರೂ ಹೋಗಬಹುದು ಕಣೇ’ ಎಂದು ಆಡಳಿತ ಪಕ್ಷ. ‘ಎಲ್ಲಿಗೆ ಬೇಕಾದರೂ ಅಂದ್ರೆ ಎಲ್ಲಿಗ್ರೀ? ಹೋಟೆಲ್ಲೆಲ್ಲ ಬುಕ್ ಆಗಿದೆಯಲ್ಲ’ ಎಂದು ವಿರೋಧ ಪಕ್ಷ. ಎಲ್ಲ ಸದನಗಳಂತೆ ಇಲ್ಲೂ ಸರಿಯಾದ ಪ್ರಶ್ನೆ ಎತ್ತಿದ್ದು ವಿರೋಧ ಪಕ್ಷ, ಗೆದ್ದದ್ದು ಇನ್ನೊಂದು.

ಈ ಪಾಸು 1959ರದು. ಯುರೋಪಿನ ಹೊರಗಿನಿಂದ ಬರುವವರಿಗೆಂದೇ ಹುಟ್ಟಿದ್ದು. ಅಲ್ಲಿಯ ನಿವಾಸಿಗಳಿಗೆ ಬೇರೆಯೇ ಪಾಸು, 1972ರಲ್ಲಿ ಬಂದ ಇಂಟರ್‌ರೇಲ್. ಹೆಗಲಿಗೊಂದು ಚೀಲ ಹಾಕಿಕೊಂಡು, ಮಳೆ ಬಂದರೆ ದಕ್ಷಿಣಕ್ಕೆ, ಬೇಸರ ಬಂದರೆ ಇನ್ನೆತ್ತಲೋ ಎಂದು ಅಲೆಯುವವರಿಗೆ ಇಂಥ ಪಾಸು ಹೇಳಿ ಮಾಡಿಸಿದ್ದು. ನಾವು ಈ ಸ್ವಾತಂತ್ರ್ಯವನ್ನು ಕೊಳ್ಳುವುದು ಯಾವಾಗ? ಯಾವ ರಾತ್ರಿ ಯಾವ ಊರಿನ ಯಾವ ಹೋಟೆಲಿನಲ್ಲಿ ಮಲಗುತ್ತೇವೆ ಎಂದು ಷೆಂಗೆನ್ ವೀಸಾ ಅರ್ಜಿಯ ಜೊತೆ ಬರೆದುಕೊಟ್ಟು, ತಲೆಗೆ 90 ಯೂರೋ ಶುಲ್ಕ ಕಟ್ಟಿದ ಮೇಲೆ.

ಸ್ವಾತಂತ್ರ್ಯ ಕೈಗೆ ಬಂದ ಮೇಲೆ ಅದರ ಉಪನಿಯಮಗಳು ಒಂದೊಂದಾಗಿ ಹೊರಬೀಳುತ್ತವೆ. ಫ್ರಾನ್ಸಿನ ವೇಗದ ರೈಲು ಟಿಜಿವಿಗೆ ಪಾಸು ಸಾಲದು, ಸೀಟು ರಿಸರ್ವ್ ಮಾಡಿಸಬೇಕು, ಅದಕ್ಕೆ ಬೇರೆ ದುಡ್ಡು. ಪಾಸಿನವರಿಗೆ ಇಷ್ಟೇ ಸೀಟು ಎಂಬ ಕೋಟಾ ಬೇರೆ. ಪ್ಯಾರಿಸ್‌ನಿಂದ ಲಂಡನ್ನಿಗೆ ಹೋಗುವ ಯೂರೋಸ್ಟಾರ್‌ನಲ್ಲಿ ಈ ಮೇಲ್ಖರ್ಚೇ 30 ಯೂರೋ ಆಸುಪಾಸು. ಇಟಲಿಯ ಫ್ರೆಚ್ಚಾರೊಸ್ಸಾಕ್ಕೂ ರಿಸರ್ವೇಶನ್ ಕಡ್ಡಾಯ. ಅದೇ ಹಳಿಯ ಮೇಲೆ 2012ರಿಂದ ಓಡುತ್ತಿರುವ ಖಾಸಗಿ ಇಟಾಲೊ ರೈಲಿನಲ್ಲಂತೂ ಪಾಸಿಗೆ ಕವಡೆ ಕಿಮ್ಮತ್ತಿಲ್ಲ. ಎರಡು ಕಂಪನಿಗಳ ಪೈಪೋಟಿಯಿಂದಾಗಿ ರೋಮ್‌–ಫ್ಲಾರೆನ್ಸ್ ಟಿಕೆಟನ್ನು ಮೊದಲೇ ಕೊಂಡವರಿಗೆ ಅಗ್ಗದಲ್ಲಿ ಸಿಗುತ್ತದೆ. ಪಾಸುದಾರರು ಮಾತ್ರ ಪಾಸಿಗೂ ಕೊಟ್ಟು, ಸೀಟಿಗೂ ಕೊಟ್ಟು, ಹೆಮ್ಮೆಯಿಂದ ಕೂರುತ್ತಾರೆ.

ಜರ್ಮನಿಯ ಐಸಿಇ ರೈಲಿನಲ್ಲಿ ಈ ಕಾಟವಿಲ್ಲ. ಪಾಸು ತೋರಿಸಿ ಹತ್ತಿದರಾಯಿತು. ಹತ್ತಿದ ಮೇಲೆ ನೋಡಿದರೆ ಪ್ರತಿ ಸೀಟಿನ ಬಳಿಯೂ ಪುಟ್ಟ ಪರದೆ, ಅದರಲ್ಲಿ ಎರಡೆರಡು ಊರಿನ ಹೆಸರು: ಅಲ್ಲಿಂದ ಇಲ್ಲಿಗೆ ಈ ಜಾಗ ಬೇರೆಯವರದು. 33 ದೇಶಗಳ ರೈಲು ಹತ್ತುವ ಹಕ್ಕುಳ್ಳ ದಂಪತಿ ಶೌಚಾಲಯದ ಪಕ್ಕ ಸೂಟ್‌ಕೇಸಿನ ಮೇಲೆ ಕೂತಿರುತ್ತಾರೆ, ತೊಡೆಯ ಮೇಲೆ ಚಕ್ಕುಲಿ ಡಬ್ಬಿ. ಬಾಗಿಲು ತೆರೆದಾಗಲೆಲ್ಲ ಎದ್ದು ದಾರಿ ಬಿಡಬೇಕು. ನಾಲ್ಕನೇ ಸಲ ಎದ್ದಾಗ ಆಕೆ ಏನನ್ನೂ ಹೇಳುವುದಿಲ್ಲ. ಯಜಮಾನರೂ ಕಿಟಕಿಯಿಂದ ಕಣ್ಣು ತೆಗೆಯುವುದಿಲ್ಲ.

ಇದೂ ಸಹಿಸಬಹುದು. ಸಹಿಸಲಾಗದ್ದು ವಸೂಲಿ ಕಾರ್ಯಕ್ರಮ. ಒಂದು ತಿಂಗಳಲ್ಲಿ ಏಳು ದಿನ ಪ್ರಯಾಣಿಸುವ ಪಾಸು ಕೊಂಡರೆ ದಿನಕ್ಕೆ ಸುಮಾರು 50 ಯೂರೋ ಬೀಳುತ್ತದೆ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಒಂದು ಗಂಟೆಯ ದಾರಿ, ಪ್ಯಾಸೆಂಜರ್ ರೈಲಿಗೆ 10 ಯೂರೋ ಆಸುಪಾಸು. ಅಂಥ ದಾರಿಗೆ 50 ಯೂರೋದ ದಿನ ಕಳೆಯಲು ಮನಸ್ಸು ಬರುತ್ತದೆಯೇ? ಹಾಗಾಗಿ ಪೀಸಾ ರದ್ದು. ಬದಲಿಗೆ ಜ್ಯೂರಿಕ್‌ನಿಂದ ಮಿಲಾನಿಗೆ ಹೋಗಿ, ಚರ್ಚಿನ ಮುಂದೆ ಫೋಟೋ ಹೊಡೆಸಿಕೊಂಡು, ಸಂಜೆಗೆ ಮರಳಿ ಜ್ಯೂರಿಕ್. ಊರು ನೋಡಿದ್ದಕ್ಕಿಂತ ಸುರಂಗ ನೋಡಿದ್ದೇ ಹೆಚ್ಚು, ಆದರೆ ಎಕ್ಸೆಲ್ಲಿನಲ್ಲಿ ಆ ದಿನದ ಚೌಕ ಹಸಿರು. ಇನ್ನು ಎಲ್ಲರೂ ಹೋಗಲೇಬೇಕಾದ ಯೂಂಗ್‌ಫ್ರಾವ್ ಇದೆಯಲ್ಲ, 3,454 ಮೀಟರ್ ಎತ್ತರದ ಆ ಸ್ಟೇಷನ್ನಿಗೆ ಪಾಸಿನ ಮೇಲೆ ರಿಯಾಯಿತಿ ಉಂಟು, ಪುಕ್ಕಟೆ ಇಲ್ಲ.

ಪುಕ್ಕಟೆ ಇರುವುದು ಲಕ್ಸೆಂಬರ್ಗಿನಲ್ಲಿ. 2020ರ ಮಾರ್ಚಿನಿಂದ ಆ ದೇಶದೊಳಗೆ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಯಾರಿಗೂ ದುಡ್ಡಿಲ್ಲ. ಪಾಸು ನಡೆಯುವ 33 ದೇಶಗಳ ಪಟ್ಟಿಯಲ್ಲಿ ಅದೂ ಒಂದು! ನಮ್ಮ ಶಕ್ತಿ ಯೋಜನೆಯ ಬಸ್ಸು ಕಂಡರೆ ‘ಬಿಟ್ಟಿ ಭಾಗ್ಯ’ ಎಂದು ಮೂಗು ಮುರಿಯುವವರೇ ಅಲ್ಲಿ ಟ್ರಾಮಿನ ಮುಂದೆ ನಿಂತು, ‘ಇದಪ್ಪಾ ನಾಗರಿಕತೆ ಅಂದ್ರೆ’ ಎಂದು ಫ್ಯಾಮಿಲಿ ಗ್ರೂಪಿಗೆ ಸೆಲ್ಫಿ ಕಳಿಸುತ್ತಾರೆ.

ಹಾಗಾದರೆ ಬಿಡಿ ಟಿಕೆಟ್ಟೇ ಜಾಣತನವೇ? ಊರು, ದಿನ, ಹೋಟೆಲು ಎಲ್ಲ ಮೊದಲೇ ಗೊತ್ತಿರುವವರಿಗೆ ಲೆಕ್ಕ ಹಾಗೆಯೇ ಹೇಳುತ್ತದೆ. ಆದರೆ ತೀರಾ ಅಗ್ಗದ ಟಿಕೆಟು ತಿಂಗಳುಗಳ ಮುಂಚೆ ಮಾರಾಟಕ್ಕೆ ಬರುತ್ತದೆ, ಸಾಮಾನ್ಯವಾಗಿ ರದ್ದು ಮಾಡಿದರೆ ದುಡ್ಡು ವಾಪಸಿಲ್ಲ. ವೀಸಾ ಬರುವುದು ಅದಕ್ಕೆ ಬರಬೇಕೆನಿಸಿದಾಗ. ಮೊದಲೇ ಕೊಂಡು ವೀಸಾ ಸಿಗದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ವೀಸಾ ಬರಲೆಂದು ಕಾದರೆ ಅಗ್ಗದ್ದು ಖಾಲಿಯಾಗಿ ದುಬಾರಿಯದೊಂದೇ ಉಳಿದಿರುತ್ತದೆ. ಚಾಲೂ ಮಾಡದ ಪಾಸನ್ನಾದರೆ ಸಾಮಾನ್ಯವಾಗಿ ಒಂದಷ್ಟು ಮುರಿದುಕೊಂಡು ವಾಪಸು ತೆಗೆದುಕೊಳ್ಳುತ್ತಾರೆ. ಅಲೆಮಾರಿಗಳಿಗೆಂದು ಮಾಡಿದ ಪಾಸನ್ನು ನಾವು ಕೊಳ್ಳುವುದು ಅಲೆಯಲಿಕ್ಕಲ್ಲ, ಕಾನ್ಸುಲೇಟಿನ ಭಯಕ್ಕೆ. ಆಡಳಿತ ಪಕ್ಷ ಗೆದ್ದದ್ದು ತಪ್ಪು ಕಾರಣಕ್ಕಾದರೂ ಪೂರ್ತಿ ತಪ್ಪಲ್ಲ, ಪಾಪ.

ಅಗ್ಗದಲ್ಲಿ ಸ್ವಾತಂತ್ರ್ಯ ಬೇಕೆನ್ನುವವರಿಗೆ ಜರ್ಮನಿಯಲ್ಲಿ ಇನ್ನೊಂದು ದಾರಿಯಿದೆ. ಅಲ್ಲಿಯ ರಿಯಾಯಿತಿ ಟಿಕೆಟು ನಮೂದಿಸಿದ ರೈಲಿಗೆ ಮಾತ್ರ. ಆದರೆ ತಲುಪುವುದು 20 ನಿಮಿಷಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಆ ಕಟ್ಟು ಬಿಚ್ಚಿಕೊಂಡು ಬೇರೆ ರೈಲೂ ಹತ್ತಬಹುದು. 2024ರಲ್ಲಿ ಅಲ್ಲಿ ಹೊತ್ತಿಗೆ ಸರಿಯಾಗಿ ಬಂದ ದೂರಪ್ರಯಾಣದ ರೈಲುಗಳು ಶೇ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸದೆ. ಆದ್ದರಿಂದ ಅಗ್ಗದ ಟಿಕೆಟು ಕೊಂಡು, ರೈಲು ಚೆನ್ನಾಗಿ ತಡವಾಗಲೆಂದು ಮನೆದೇವರಿಗೆ ಹರಕೆ ಹೊರಬೇಕು. ಹರಕೆ ಫಲಿಸಿ ಮುಂದಿನ ರೈಲು ಹತ್ತಿದರೆ, ತಡವಾದ ರೈಲಿನ ಜನವೆಲ್ಲ ಅದರಲ್ಲೇ ಇರುತ್ತಾರೆ. ಸೀಟು ಟಿಕೆಟಿನವರಿಗೂ ಇಲ್ಲ, ಪಾಸಿನವರಿಗೂ ಇಲ್ಲ.