ಏಳು ಸುತ್ತಿನ ಸರ್ವರ್: ದುರ್ಗದ ನಾಯಕರೂ ಕಡತ ಹಂಚಿಕೆಯೂ

ಯಂತ್ರ ಆನ್ ಆದೊಡನೆ ಕಡತ ಹಂಚುವ ಸೇವೆ ತಾನೇ ಏಳಬೇಕೆಂಬ ತತ್ತ್ವ ಪಶ್ಚಿಮದ್ದೆಂದು ಹಲವರು ನಂಬಿದ್ದಾರೆ. ಸನ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ತಂದದ್ದು, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರ ಸುಮಾರಿಗೆ ಸಾಂಬಾ ಬರೆದದ್ದು ದಿಟವೇ. ಆದರೆ ಇವರು ಯಾರೂ ಚಿತ್ರದುರ್ಗದ ಕೋಟೆ ಹತ್ತಿದಂತೆ ಕಾಣೆ.

ಮೊದಲ ಪ್ರಮಾಣ: ಹಳೆಯ ಲಿನಕ್ಸ್ ಯಂತ್ರಗಳಿಗೆ ರನ್‌ಲೆವೆಲ್ ಎಂಬ ಹಂತಗಳಿದ್ದವು. ಸೊನ್ನೆಯಿಂದ ಆರರವರೆಗೆ, ಒಟ್ಟು ಏಳು. ಕೋಟೆಗೂ ಸುತ್ತು ಏಳೇ. ಇದನ್ನು ಕಾಕತಾಳೀಯ ಎನ್ನುವವರು ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂತು ಕಬ್ಬಿನ ಹಾಲು ಕುಡಿದು ಮರಳಿದವರು.

ಎರಡನೆಯದು ಇನ್ನೂ ಗಟ್ಟಿ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ. ಮಳೆ ಬಿದ್ದರೆ ಸಾಕು, ಅಪ್ಪಣೆಯಿಲ್ಲದೆ ಹಂಚಿಕೆ ಶುರು. ಮೇಲಿನದು ತುಂಬದೆ ಕೆಳಗಿನದರ ಸರದಿ ಬರುವುದಿಲ್ಲ. ಇಂದಿನವರು ಎಡವುವುದೇ ಈ ಸರದಿಯಲ್ಲಿ. ಯಂತ್ರಕ್ಕೆ ಇನ್ನೂ ಐಪಿ ವಿಳಾಸವೇ ಸಿಕ್ಕಿರುವುದಿಲ್ಲ, ಅಷ್ಟರಲ್ಲಿ ಅದು ದೂರದ ಫೋಲ್ಡರನ್ನು ಮೌಂಟ್ ಮಾಡಲು ಹೋಗಿ ಮುಗ್ಗರಿಸುತ್ತದೆ. ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ‘ನೆಟ್‌ಡೆವ್’ ಎಂದು ಬರೆದಿದ್ದರೆ ಕಾಯುತ್ತಿತ್ತು. ನಾಯಕರು ಅದನ್ನು ಬಂಡೆಯ ಇಳಿಜಾರಿನಲ್ಲೇ ಬರೆದಿಟ್ಟಿದ್ದರು.

ಇಲ್ಲೊಂದು ಮತಭೇದವಿದೆ. ‘ಸ್ಟಾರ್ಟ್’ ಪಂಥದವರ ಸೇವೆ ಈಗಲೇ ಓಡುತ್ತದೆ, ಕರೆಂಟ್ ಹೋಗಿ ಬಂದರೆ ಏಳುವುದಿಲ್ಲ. ‘ಎನೇಬಲ್’ ಪಂಥದವರದು ಮುಂದಿನ ಸಲ ತಪ್ಪದೆ ಏಳುತ್ತದೆ, ಈಗ ಮಾತ್ರ ಮಲಗಿರುತ್ತದೆ. ಎನೇಬಲ್‌ಗೆ ‘ನೌ’ ಎಂಬ ಬಾಲ ಕಟ್ಟಿದರೆ ಎರಡೂ ಫಲ. ದ್ವೈತ ಅದ್ವೈತಗಳ ಜಗಳಕ್ಕೂ ಇಂಥದೊಂದು ಬಾಲ ಸಿಕ್ಕಿದ್ದರೆ ಎಷ್ಟು ತಾಳೆಗರಿ ಉಳಿಯುತ್ತಿತ್ತೋ!

ಓಡುತ್ತಿದ್ದ ಸೇವೆ ನಡುವೆ ನಿಂತರೆ? ಕಾವಲಿನ ಮುದ್ದಹನುಮ ಊಟಕ್ಕೆ ಕೂತಾಗ ಅವನ ಹೆಂಡತಿ ಓಬವ್ವ ಒನಕೆ ಹಿಡಿದು ಕಿಂಡಿಯ ಬಳಿ ನಿಂತಳು. ‘ರೀಸ್ಟಾರ್ಟ್ ಆನ್ ಫೇಲ್ಯೂರ್’ ಎಂಬ ಸಾಲಿಗೆ ಇದಕ್ಕಿಂತ ಹಳೆಯ ಉದಾಹರಣೆ ಈ ಲೇಖಕನಿಗೆ ಬೇಕಿಲ್ಲ.

ಹಿರಿಯೂರಿನ ಪ್ರಮಾಣ ಅಂಕಿಯದು. ಸೇವೆ ಏಳಲಿ ಎಂದು, ಲಿನಕ್ಸಿನಲ್ಲಿ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿ ಸಾಮಾನ್ಯವಾಗಿ ಕಾಯುವುದು 90 ಸೆಕೆಂಡ್. ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ: 89 ವರ್ಷ. ಗಡುವಿಗೆ ಒಂದೇ ಬಾಕಿ! ಸೆಕೆಂಡಿಗೂ ವರ್ಷಕ್ಕೂ ವ್ಯತ್ಯಾಸವಿಲ್ಲವೇ ಎಂದು ಕೇಳುವವರು ಬಯಲುಸೀಮೆಯಲ್ಲಿ ಮಳೆಗೆ ಕಾದವರಲ್ಲ.

ಹೊಳಲ್ಕೆರೆಯ ಬಯಲು ಗಣಪನಿಗೆ ಹೆಚ್ಚು ವಿವರಣೆ ಬೇಡ. ಪ್ರಥಮ ಪೂಜೆ ಅವನಿಗೆ, ಲಿನಕ್ಸಿನಲ್ಲೂ ಮೊದಲು ಏಳುವ ಪ್ರೋಸೆಸ್ಸಿನ ಸಂಖ್ಯೆ ಒಂದು. ಬಯಲಲ್ಲಿ ಕೂತಿರುವುದರಿಂದ ಪಾಸ್‌ವರ್ಡಿನ ಗೊಡವೆಯೂ ಇಲ್ಲ. ಸಾಂಬಾದ ‘ಗೆಸ್ಟ್ ಓಕೆ’ ಇದೇ.

ಹೊಸದುರ್ಗದ ಪ್ರಮಾಣಗಳನ್ನು ಇಲ್ಲಿ ಕೊಡಬೇಕಿತ್ತು. ಅವಿರುವ ಫೋಲ್ಡರ್ ಕಚೇರಿಯ ಸರ್ವರಿನಲ್ಲಿದೆ. ಬೆಳಿಗ್ಗೆ ಕರೆಂಟ್ ಹೋಗಿ ಬಂತು, ಸಾಂಬಾ ಎದ್ದಿಲ್ಲ, ಎಬ್ಬಿಸುವವರು ಊಟಕ್ಕೆ ಹೋಗಿದ್ದಾರೆ.