ವಂದನಾರ್ಪಣೆಗೆ ಮೂರು ಸಾಲು

ಡಿಸೆಂಬರ್‌ನ ಒಂದು ಸಂಜೆ ಬಸವೇಶ್ವರನಗರದ ಅಕ್ಕನ ಮನೆಗೆ ಹೋದರೆ ಬಾಗಿಲಲ್ಲೇ "ಶ್!" ಅನ್ನೋ ಸ್ವಾಗತ. ಕುಕ್ಕರ್ ಕೂಗೋ ಹಾಗಿಲ್ಲ, ಮಿಕ್ಸಿ ತಿರುಗೋ ಹಾಗಿಲ್ಲ. ಹೂ ಮಾರುವವನನ್ನು ಅಕ್ಕ ಕೈಸನ್ನೆಯಲ್ಲೇ ಮುಂದಿನ ಬೀದಿಗೆ ಸಾಗಹಾಕಿದಳು. ಒಳಗೆ ಅವಳ ಮಗ ಮೇಲೆ ಕೋಟು-ಟೈ, ಕೆಳಗೆ ಲುಂಗಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿಗೆ, ಅಂದರೆ ಡಾಕ್ಟರುಗಳ ಪಿ.ಜಿ. ತರಬೇತಿಗೆ, ಸಂದರ್ಶನ. 2020ರಲ್ಲಿ ಕೊರೊನಾ ಬಂದಾಗಿನಿಂದ ಇದು ಕಂಪ್ಯೂಟರ್ ಮುಂದೆಯೇ ನಡೆಯೋದು ಹೆಚ್ಚು. ನ್ಯೂಯಾರ್ಕಿನ ಬೆಳಿಗ್ಗೆ 8 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ 6.30, ದೀಪ ಹಚ್ಚೋ ಹೊತ್ತು.

ಮುಗಿಸಿ ಎದ್ದವನು, "ಮಾವ, ಆಫೀಸಲ್ಲಿ ಜನ್ಮವೆಲ್ಲ ಪತ್ರ ಬರೆದಿದ್ದೀರಿ. ಸಂದರ್ಶನ ಮಾಡಿದ ಡಾಕ್ಟರಿಗೊಂದು ಥ್ಯಾಂಕ್ಯೂ ನೋಟ್ ಬರೆದುಕೊಡಿ" ಅಂದ.

ನನಗೆ ದಿಗಿಲಾಯಿತು. ಇಲ್ಲಿ ಪಿ.ಜಿ. ಸೀಟಿಗೆ ನೀಟ್ ಬರೀತಾರೆ, ರ‍್ಯಾಂಕ್ ಬರುತ್ತೆ, ಕೌನ್ಸೆಲಿಂಗ್‌ನಲ್ಲಿ ಸೀಟು ಹಿಡೀತಾರೆ. ಥ್ಯಾಂಕ್ಸ್ ಹೇಳೋದಾದರೆ ಕಂಪ್ಯೂಟರ್ ಮೌಸಿಗೇ ಹೇಳಬೇಕು. ಆದರೂ ಬಿಡದೆ "ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು..." ಅಂತ ಶುರುಮಾಡಿದೆ. "ಮಾವ, ಇದು ರಾಜ್ಯೋತ್ಸವದ ವಂದನಾರ್ಪಣೆ" ಅಂದ. ನಿಜವೇ. ವಂದನಾರ್ಪಣೆ ಅಂದ ತಕ್ಷಣ ನಮ್ಮ ಜನ ಚಪ್ಪಲಿ ಹುಡುಕೋಕೆ ಏಳ್ತಾರೆ.

"ಒಂದು ಕೇಜಿ ಮೈಸೂರುಪಾಕು ಕಳಿಸಿಬಿಡೋ" ಅಂದಳು ಅಕ್ಕ. "ಅಮ್ಮಾ, ಅದನ್ನ ಲಂಚ ಅಂತಾರೆ!"

ಅವನ ಕರಡು ಇನ್ನೂ ಚೆಂದ. ಸಂದರ್ಶನ ಮಾಡಿದ ಏಳು ಆಸ್ಪತ್ರೆಗೂ ಒಂದೇ ಸಾಲು: ನೀವೇ ನನ್ನ ಮೊದಲ ಆಯ್ಕೆ. ಏಳು ಮನೆಯ ಉಪ್ಪಿಟ್ಟು ತಿಂದು ಏಳು ಕಡೆಯೂ "ಹುಡುಗಿ ಒಪ್ಪಿಗೆ" ಅಂದು ಬಂದ ವರನ ಹಾಗೆ! ಅಲ್ಲಿನ ಪದ್ಧತಿಯ ಹೆಸರೂ 'ಮ್ಯಾಚ್'. 1952ರಿಂದ ನಡೆದುಬಂದಿರೋ ಸಾಲಾವಳಿ ಅದು. ಹುಡುಗರು ಆಸ್ಪತ್ರೆಗಳನ್ನು, ಆಸ್ಪತ್ರೆಗಳು ಹುಡುಗರನ್ನು ಇಷ್ಟದ ಕ್ರಮದಲ್ಲಿ ಪಟ್ಟಿಮಾಡಿ ಕೊಟ್ಟರೆ ಕಂಪ್ಯೂಟರ್ ಜೋಡಿ ಕೂಡಿಸುತ್ತೆ. ಅದರ ಲೆಕ್ಕವನ್ನು 1990ರ ದಶಕದಲ್ಲಿ ತಿದ್ದಿ ಕೂಡಿಸಿದ ಆಲ್ವಿನ್ ರಾತ್‌ಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ಲೇ ಬಂತು. ನಮ್ಮ ಜೋಯಿಸರಿಗೆ ಸಿಕ್ಕಿದ್ದು ಎಲೆ ಅಡಿಕೆ, ದಕ್ಷಿಣೆ. ಸಂದರ್ಶನ ಆದಮೇಲೆ ಪತ್ರ ಬರೆಯಲೇಬೇಕು ಅಂತ ಆಸ್ಪತ್ರೆಯವರು ಒತ್ತಾಯಿಸೋ ಹಾಗಿಲ್ಲ ಅಂತ ಅಲ್ಲಿ ನಿಯಮವಿದೆ. ಕೆಲವರು ಬರೆಯಲೇಬೇಡಿ ಅಂತಾರೆ. ಆದರೂ ಹುಡುಗರಿಗೆ ಜೀವ ತಡೆಯಲ್ಲ.

ಆಗ ಅಡುಗೆಮನೆಯಿಂದ ಅಕ್ಕ ಪಕ್ಕದ ಮನೆಯವರ ಪಾತ್ರೆ ಹಿಡಿದು ಬಂದಳು. ಅವರು ಬೆಳಿಗ್ಗೆ ಅವರೆಕಾಳಿನ ಹುಳಿ ಕೊಟ್ಟಿದ್ದರಂತೆ. ತೊಳೆದ ಪಾತ್ರೆಗೆ ಒಂದು ಹಿಡಿ ಸಕ್ಕರೆ ಹಾಕಿ ಹೊರಟಳು. ಧನ್ಯವಾದ ಅನ್ನೋ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಖಾಲಿ ಪಾತ್ರೆ ವಾಪಸ್ ಕೊಟ್ಟಿದ್ದನ್ನೂ ನೋಡಿಲ್ಲ.

"ನೋಡೋ, ಇಷ್ಟೇ. ಆ ಡಾಕ್ಟರು ನಿನಗೆ ಏನು ಬಡಿಸಿದರು?" ಅಂದೆ.

ತಲೆ ಕೆರೆದುಕೊಂಡ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನೋಡಿದ ಹಾವು ಕಡಿತದ ರೋಗಿಯ ಬಗ್ಗೆ ಅವರು ಹತ್ತು ನಿಮಿಷ ಕೆದಕಿ ಕೇಳಿದ್ದರಂತೆ. ಅದನ್ನೇ ಬರೆದ: ನೀವು ಕೇಳಿದ ಪ್ರಶ್ನೆ ಈಗಲೂ ತಲೆಯಲ್ಲಿದೆ, ಆಮೇಲೆ ಇದನ್ನು ಓದಿಕೊಂಡೆ, ಉಪಕಾರವಾಯಿತು. ಮೂರೇ ಸಾಲು. ಮೊದಲ ಆಯ್ಕೆಯ ಸುದ್ದಿಯೇ ಇಲ್ಲ.

ಯಾವ ಆಸ್ಪತ್ರೆಗೆ ಮ್ಯಾಚ್ ಅಂತ ಗೊತ್ತಾಗೋದು ಮಾರ್ಚ್ ತಿಂಗಳ ಮೂರನೇ ಶುಕ್ರವಾರ, ನಮ್ಮ ಗಡಿಯಾರದಲ್ಲಿ ರಾತ್ರಿ 9.30ಕ್ಕೆ. ಆ ಮೂರು ಸಾಲಿಗೆ ಸೀಟು ಸಿಗುತ್ತೆ ಅಂತ ನಾನೇನೂ ಹೇಳಲ್ಲ. ಉಪದೇಶ ಮಾಡಿ ಬಂದ ನನ್ನ ಮನೆಯಲ್ಲೇ ಅಕ್ಕನ ಮೂರು ಡಬ್ಬಿ ಬಿದ್ದಿವೆ, ಖಾಲಿ.